ಹೂ ಕಟ್ಟುವ ಅಜ್ಜಿ: ಪಾಲಿಮರ್ ಕ್ಲೇ ಬೊಂಬೆಯನ್ನು ಕೈಯಾರೆ ಮಾಡುವ ಕ್ರಮ

ಬೊಂಬೆ ಮಾಡಲು ಕೂತವರು ಮೊದಲು ಕೈ ಹಾಕುವುದು ಮುಖಕ್ಕೆ. ಎರಡು ದಿನ ಕೂತು ಮೂಗು, ತುಟಿ, ಕಣ್ಣು ತಿದ್ದುತ್ತಾರೆ. ಕೈ ಕಾಲು, ಕೂರುವ ಭಂಗಿ ಎಲ್ಲ ಆಮೇಲೆ ನೋಡಿಕೊಳ್ಳೋಣ ಎಂದು ಬಿಡುತ್ತಾರೆ. ಕೊನೆಗೆ ಮುಖವೇನೋ ಚೆನ್ನಾಗಿ ಬಂದಿರುತ್ತದೆ, ಬೊಂಬೆ ಮಾತ್ರ ಗೋಡೆಗೆ ಒರಗಿಸಿದ ಮೂಟೆಯ ಹಾಗೆ ಕೂತಿರುತ್ತದೆ. ಕ್ಲೇ ಪೊಟ್ಟಣ ಬಿಚ್ಚುವ ಮುಂಚೆಯೇ ಬೊಂಬೆ ಏನು ಮಾಡುತ್ತಿದೆ, ಅದರ ಹತ್ತು ಬೆರಳು ಎಲ್ಲೆಲ್ಲಿವೆ ಎಂಬುದು ತೀರ್ಮಾನ ಆಗಿರಬೇಕು. ಉಳಿದ ಕೆಲಸವೆಲ್ಲ ಅದರ ಹಿಂದೆ ಬರುತ್ತದೆ.

ಇಲ್ಲಿ ತೆಗೆದುಕೊಂಡಿರುವುದು ಚಕ್ಕಳಮಕ್ಕಳ ಹಾಕಿ ಕೂತು ಮಲ್ಲಿಗೆ ಕಟ್ಟುವ ಅಜ್ಜಿಯ ಬೊಂಬೆ. ತಲೆ, ಕೈ, ಪಾದ ಪಾಲಿಮರ್ ಕ್ಲೇಯವು (ಓವನ್ನಿನಲ್ಲಿ ಬೇಯಿಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಮಣ್ಣು), ಮೈ ಬಟ್ಟೆಯದು, ಒಳಗೆ ತಂತಿ. ನವರಾತ್ರಿಯ ಬೊಂಬೆ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳ ಕೆಳಗಿನ ಸಾಲಿಗೆ ಸರಿಹೋಗುವ ಅಳತೆ. ಮೊದಲ ಬೊಂಬೆಗೆ ಕೂತ ಭಂಗಿಯೇ ವಾಸಿ: ಎರಡು ಪಾದದ ಮೇಲೆ ತೂಕ ನಿಲ್ಲಿಸುವ ತಲೆನೋವಿಲ್ಲ, ಒಂದು ಪಾದ ಸೀರೆಯೊಳಗೆ ಮುಚ್ಚಿಹೋಗುವುದರಿಂದ ಅದನ್ನು ಮಾಡಬೇಕಾಗಿಯೂ ಇಲ್ಲ. ಅಜ್ಜಿಯ ಮುಖವಂತೂ ಎಳೆಯ ಮುಖಕ್ಕಿಂತ ಸುಲಭ. ಎಳೆಯ ಕೆನ್ನೆಯಲ್ಲಿ ಅರ್ಧ ಮಿಲಿಮೀಟರ್ ಏರುಪೇರಾದರೂ ಕಣ್ಣಿಗೆ ಹೊಡೆಯುತ್ತದೆ. ಸುಕ್ಕಿನ ಮುಖ ಅಷ್ಟಿಷ್ಟು ತಪ್ಪನ್ನು ನುಂಗಿಕೊಳ್ಳುತ್ತದೆ.

ಅಳತೆ

ಸುಮಾರು 155 ಸೆಂ.ಮೀ. ಎತ್ತರದ ಹೆಂಗಸನ್ನು ಕಾಲುಭಾಗಕ್ಕೆ ಇಳಿಸಿದರೆ ನಿಂತಾಗ 39 ಸೆಂ.ಮೀ., ಕೂತಾಗ 20 ಸೆಂ.ಮೀ. ಆಗುತ್ತದೆ. ಬೆನ್ನು ಬಾಗಿದ ಅಜ್ಜಿ ಇನ್ನೊಂದು ಸೆಂ.ಮೀ. ಕಡಿಮೆ. ಅಂಗಾಂಗಗಳ ಲೆಕ್ಕ ಹೀಗೆ: ತಲೆ ನೆತ್ತಿಯಿಂದ ಗದ್ದಕ್ಕೆ 6 ಸೆಂ.ಮೀ., ಹೆಗಲ ಅಗಲ 9, ಕತ್ತಿನ ಬುಡದಿಂದ ಕೂರುವ ಜಾಗಕ್ಕೆ 13, ಮೇಲ್ತೋಳು 7.5, ಮುಂದೋಳು 6, ಮಣಿಕಟ್ಟಿನಿಂದ ನಡುಬೆರಳ ತುದಿಗೆ 4.3, ತೊಡೆ 10, ಮೊಣಕಾಲಿನಿಂದ ಹಿಮ್ಮಡಿಗೆ 9.5, ಪಾದ 5.8.

ಇಷ್ಟನ್ನೂ ದೊಡ್ಡ ಹಾಳೆಯ ಮೇಲೆ ಬೊಂಬೆಯ ನಿಜವಾದ ಅಳತೆಯಲ್ಲೇ ಎರಡು ಚಿತ್ರವಾಗಿ ಬರೆಯಿರಿ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಚಿತ್ರ ಚೆನ್ನಾಗಿರಬೇಕೆಂದಿಲ್ಲ, ಅಳತೆ ಸರಿಯಿರಬೇಕು. ಮುಂದೆ ತಂತಿ ಬಗ್ಗಿಸುವಾಗ, ಕೈ ಮಾಡುವಾಗ, ಪ್ರತಿ ತುಂಡನ್ನೂ ಈ ಹಾಳೆಯ ಮೇಲಿಟ್ಟು ನೋಡುತ್ತೀರಿ. ಈ ಹಾಳೆ ಇಲ್ಲದೆ ಮಾಡಿದ ಕೈಗಳು ನೂರಕ್ಕೆ ತೊಂಬತ್ತು ಸಲ ದಪ್ಪವಾಗಿಯೇ ಬರುತ್ತವೆ.

ಬೇಕಾದ ಸಾಮಾನು

ಪಾಲಿಮರ್ ಕ್ಲೇ ಒಟ್ಟು 250 ಗ್ರಾಂ. ಬೊಂಬೆಗೆ ಹೋಗುವುದು 180ರಿಂದ 200 ಗ್ರಾಂ, ಮಿಕ್ಕದ್ದು ಹಾಳಾದದ್ದಕ್ಕೆ. ಹಾರ್ಡ್‌ವೇರ್ ಅಂಗಡಿಯ 14 ಗೇಜ್ ಜಿಐ ತಂತಿ, ಅಂದರೆ 2 ಮಿ.ಮೀ. ದಪ್ಪದ್ದು, 3 ಮೀಟರ್. ಬೆರಳುಗಳಿಗೆ 26 ಗೇಜಿನ ತೆಳು ತಂತಿ ಒಂದು ಮೀಟರ್. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಎಂ-ಸೀಲ್ ಒಂದು ಪೊಟ್ಟಣ, ಫೆವಿಕಾಲ್, ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ, ಹಳೆಯ ಬನಿಯನ್ ಒಂದು, ಕ್ರೋಶಾ ದಾರ, ಅಕ್ರಿಲಿಕ್ ಬಣ್ಣ, ಐಸೋಪ್ರೊಪೈಲ್ ಆಲ್ಕೋಹಾಲ್.

ಉಪಕರಣಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ದಪ್ಪ ಸೂಜಿ, ಸ್ವೆಟರ್ ಹೆಣೆಯುವ ಕಡ್ಡಿ, ಟೂತ್‌ಪಿಕ್, ಬ್ಲೇಡು, ಗುಂಡುತಲೆಯ ಪಿನ್ನು, ಮೆದು ಕುಂಚ ಎರಡು. ಕೆಲಸ ಮಾಡಲು ಹೊಳಪಿನ ನೆಲದ ಟೈಲ್ಸ್ ತುಂಡು ಒಂದು ಇರಲಿ. ಹಸಿ ಕ್ಲೇ ಮರದ ಮೇಜಿನ ವಾರ್ನಿಷನ್ನೂ ಕೆಲವು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳನ್ನೂ ತಿಂದುಹಾಕುತ್ತದೆ. ಬೇಯಿಸಲು ಓಟಿಜಿ (ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್), ಅದರೊಳಗಿಡಲು ಪ್ರತ್ಯೇಕ ಓವನ್ ಥರ್ಮಾಮೀಟರ್. ಇದೊಂದನ್ನು ಮಾತ್ರ ಉಳಿತಾಯದ ಲೆಕ್ಕಕ್ಕೆ ಸೇರಿಸಬೇಡಿ. ಮನೆಯ ಓಟಿಜಿಯ ತಿರುಪಿನಲ್ಲಿ 130 ಎಂದಿದ್ದರೆ ಒಳಗೆ 115 ಇರಬಹುದು, 160 ಕೂಡ ಇರಬಹುದು.

ಕ್ಲೇ ಹದ ಮತ್ತು ಮೈಬಣ್ಣ

ಪೊಟ್ಟಣದಿಂದ ತೆಗೆದ ಕ್ಲೇಯನ್ನು ಚಪಾತಿ ಹಿಟ್ಟಿನ ಹಾಗೆ ನಾದಬೇಕು. ಒಂದು ಸಲಕ್ಕೆ 30–40 ಗ್ರಾಂ, ಐದಾರು ನಿಮಿಷ. ಕಡ್ಡಿಯಾಗಿ ಹೊಸೆದು ಬಗ್ಗಿಸಿದರೆ ಅಂಚು ಬಿರಿಯಬಾರದು, ಅದೇ ಹದ. ನಾದದೆ ಬಳಸಿದರೆ ಬೆಂದ ಮೇಲೆ ಬಿರುಕು ಬಿಡುತ್ತದೆ. ನಾದುವಾಗ ಮಡಿಸಿ ಮಡಿಸಿ ಗಾಳಿ ಸೇರಿಸಿಕೊಂಡರೆ ಬೆಂದಾಗ ಕೆನ್ನೆಯ ಮೇಲೆ ಗುಳ್ಳೆ ಏಳುತ್ತದೆ. ಮಡಿಸಿದ ಅಂಚನ್ನು ಯಾವಾಗಲೂ ಒಂದು ಬದಿಯಿಂದ ಇನ್ನೊಂದು ಬದಿಗೆ ಒತ್ತಿಕೊಂಡು ಹೋಗಿ.

ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕ್ಲೇ ಬೆರಳಿಗೆ ಅಂಟಿ ಬೆಣ್ಣೆಯಾಗುತ್ತದೆ. ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಆಗಲೂ ಅಂಟಿದರೆ ತೆಳ್ಳಗೆ ತಟ್ಟಿ ಎರಡು ಬಿಳಿ ಹಾಳೆಯ ನಡುವೆ ಒಂದು ಗಂಟೆ ಇಟ್ಟರೆ ಹೆಚ್ಚಿನ ಎಣ್ಣೆಯಂಶವನ್ನು ಕಾಗದ ಹೀರುತ್ತದೆ.

ಪೊಟ್ಟಣಗಳಲ್ಲಿ ಬರುವ ಮೈಬಣ್ಣ ನಮ್ಮ ಅಜ್ಜಿಯರದಲ್ಲ. ಬೀಜ್ (ತಿಳಿ ಮರಳಿನ ಬಣ್ಣ) 6 ಭಾಗ, ಟೆರಾಕೋಟ 2, ಕಂದು 1, ಚಿಟಿಕೆಯಷ್ಟು ಅರಿಶಿನದ ಛಾಯೆಯ ಹಳದಿ, ಇಲ್ಲಿಂದ ಶುರುಮಾಡಿ. ಕಡಲೆಯಷ್ಟು ತುಂಡನ್ನು ಬೇಯಿಸಿ ನೋಡಿದ ಮೇಲೆಯೇ ಪೂರ್ತಿ ಕಲಸಿ, ಬೆಂದಾಗ ಬಣ್ಣ ತುಸು ಗಾಢವಾಗುತ್ತದೆ. ಇಡೀ ಬೊಂಬೆಗೆ ಬೇಕಾದಷ್ಟನ್ನೂ ಒಟ್ಟಿಗೇ ಕಲಸಿಟ್ಟುಕೊಳ್ಳಿ. ಮುಖ ಮುಗಿದ ಮೇಲೆ ಕೈಗೆಂದು ಮತ್ತೆ ಕಲಸಿದ ಬಣ್ಣ ಅದೇ ಆಗಿ ಬರುವುದಿಲ್ಲ.

ತಂತಿಯ ಹಂದರ

14 ಗೇಜ್ ತಂತಿಯನ್ನು ಜೋಡಿಯಾಗಿ ಹುರಿ ಮಾಡಿ ಬೆನ್ನೆಲುಬು. ಮೇಲ್ತುದಿಯಲ್ಲಿ ಹೆಗಲಿಗೆ ಅಡ್ಡ ತಂತಿ, ಕೆಳಗೆ ಸೊಂಟಕ್ಕೆ ಇನ್ನೊಂದು ಅಡ್ಡ ತಂತಿ. ಕೂಡುವ ಜಾಗಗಳನ್ನು ತೆಳು ತಂತಿಯಲ್ಲಿ ಸುತ್ತಿ, ಮೇಲೆ ಎಂ-ಸೀಲ್ ಒತ್ತಿ ಒಂದು ರಾತ್ರಿ ಬಿಡಿ. ಎಂ-ಸೀಲ್ ಇಲ್ಲದೆ ಬರೀ ಸುತ್ತಿದ ಕೀಲು ಸೀರೆ ಉಡಿಸುವ ಹೊತ್ತಿಗೆ ಗಿರಗಿರ ತಿರುಗಲು ಶುರುಮಾಡುತ್ತದೆ, ಆಗ ಒಳಗೆ ಕೈ ಹಾಕಲು ದಾರಿಯಿರುವುದಿಲ್ಲ. ಕೈಕಾಲುಗಳ ತಂತಿಯನ್ನು ಬೇಕಾದ್ದಕ್ಕಿಂತ 3 ಸೆಂ.ಮೀ. ಉದ್ದ ಬಿಡಿ.

ತಲೆಯ ತಂತಿ ಬೇರೆಯೇ ಇರಲಿ. ಇದೂ ಹುರಿ ಮಾಡಿದ್ದು, ಕತ್ತಿನಿಂದ ಕೆಳಕ್ಕೆ 8 ಸೆಂ.ಮೀ. ಇಳಿಯುವಷ್ಟು. ತಲೆ ಬೆಂದ ಮೇಲೆ ಬೆನ್ನೆಲುಬಿನ ಪಕ್ಕಕ್ಕಿಟ್ಟು ಕಟ್ಟುತ್ತೀರಿ.

ತಲೆ

ಮೊದಲು ಕಣ್ಣುಗುಡ್ಡೆ. ಬಿಳಿ ಕ್ಲೇಗೆ ಸಾಸಿವೆಯಷ್ಟು ಬೀಜ್ ಸೇರಿಸಿ 8 ಮಿ.ಮೀ. ವ್ಯಾಸದ ಎರಡು ಗುಂಡು ಮಾಡಿ 15 ನಿಮಿಷ ಬೇಯಿಸಿ. ಆರಿದ ಮೇಲೆ 4 ಮಿ.ಮೀ. ಕಂದು ಪಾಪೆ, ನಡುವೆ ಕಪ್ಪು ಚುಕ್ಕೆ ಬರೆಯಿರಿ. ವಯಸ್ಸಾದವರ ಪಾಪೆಯ ಅಂಚಿನಲ್ಲಿ ಬೂದು-ನೀಲಿಯ ತೆಳು ಉಂಗುರ ಇರುತ್ತದೆ. ನೀರಾಗಿಸಿದ ಬೂದು ಬಣ್ಣದಲ್ಲಿ ಅದೊಂದನ್ನು ಎಳೆದರೆ ಸಾಕು, ಸುಕ್ಕು ಹಾಕುವ ಮೊದಲೇ ಅಜ್ಜಿ ಬಂದು ಕೂತಿರುತ್ತಾಳೆ.

ಫಾಯಿಲನ್ನು ತಂತಿಯ ತುದಿಗೆ ಸುತ್ತಿ ಸುತ್ತಿ, 4.5 ಸೆಂ.ಮೀ. ಎತ್ತರ, 3.2 ಅಗಲ, 3.8 ಆಳದ ಮೊಟ್ಟೆಯಾಗಿಸಿ. ಚಮಚದ ಬೆನ್ನಿನಿಂದ ಬಲವಾಗಿ ಒತ್ತಿ ಗಟ್ಟಿ ಮಾಡಿ; ಸಡಿಲ ಫಾಯಿಲಿನಲ್ಲಿ ಸಿಕ್ಕ ಗಾಳಿ ಓವನ್ನಿನಲ್ಲಿ ಹಿಗ್ಗಿ ಕ್ಲೇಯನ್ನು ಸೀಳುತ್ತದೆ. ಫಾಯಿಲ್ ಹಾಕದೆ ಗಟ್ಟಿ ಕ್ಲೇಯದೇ ತಲೆ ಮಾಡಿದರೆ ಹೊರಗೆ ಬೆಂದು ಒಳಗೆ ಹಸಿ ಉಳಿಯುತ್ತದೆ. ಮೊಟ್ಟೆಗೂ ತಂತಿಗೂ ತೆಳ್ಳಗೆ ಫೆವಿಕಾಲ್ ಬಳಿದು ಒಣಗಿಸಿ. ನುಣುಪು ಲೋಹದ ಮೇಲೆ ಕ್ಲೇ ಜಾರುತ್ತದೆ, ಒಣಗಿದ ಫೆವಿಕಾಲ್ ಮೇಲೆ ಹಿಡಿಯುತ್ತದೆ.

ಎರಡು ಬದಿಗೆ 6 ಮಿ.ಮೀ. ದಪ್ಪದ ಪಟ್ಟಿಗಳನ್ನಿಟ್ಟು, ಅವುಗಳ ಮೇಲೆ ಲಟ್ಟಣಿಗೆ ಉರುಳಿಸಿದರೆ ಕ್ಲೇ ಸಮ ದಪ್ಪದ ಹಾಳೆಯಾಗುತ್ತದೆ. ಆ ಲಟ್ಟಣಿಗೆ ಮತ್ತೆ ಅಡುಗೆಮನೆಗೆ ಹೋಗಬಾರದು. ಹಾಳೆಯನ್ನು ಮೊಟ್ಟೆಗೆ ಹೊದಿಸಿ, ಕೂಡುವ ಗೆರೆ ತಲೆಯ ಹಿಂದೆ ಬರಲಿ, ಅಲ್ಲಿ ಕೂದಲು ಮುಚ್ಚುತ್ತದೆ.

ಕಣ್ಣಿನ ಗೆರೆ ತಲೆಯ ಎತ್ತರದ ಸರಿ ಅರ್ಧಕ್ಕೆ. ಹೊಸಬರೆಲ್ಲ ಇದನ್ನು ಮೇಲಕ್ಕೆ ಹಾಕುತ್ತಾರೆ, ಹಣೆ ಸಣ್ಣದಾಗಿ ಮುಖ ಜೋಲುತ್ತದೆ. ಒಂದು ಕಣ್ಣಿನ ಅಗಲದಷ್ಟು ಅಂತರ ಬಿಟ್ಟು ಎರಡು ಗುಳಿ ಒತ್ತಿ, ಗುಡ್ಡೆಗಳನ್ನು ಕೂರಿಸಿ. ಕಣ್ಣಿನ ಗೆರೆಯಿಂದ ಮೂಗಿನ ಬುಡಕ್ಕೆ 1.3 ಸೆಂ.ಮೀ. ಮೂಗಿನ ಬುಡದಿಂದ ಗದ್ದಕ್ಕೆ ಹಲ್ಲಿರುವ ಮುಖವಾದರೆ 1.7, ಬೊಚ್ಚುಬಾಯಿಗೆ 1.3 ಅಥವಾ 1.4. ಹಲ್ಲು ಹೋದಾಗ ಬಾಯಿ ಒಳಕ್ಕೆ ಸೇರಿ ಗದ್ದ ಮೂಗಿನ ಕಡೆಗೆ ಏರುತ್ತದೆ, ಮುಂದಕ್ಕೂ ಚಾಚುತ್ತದೆ. ತುಟಿಗಳನ್ನು ಅಂಟಿಸಿ ಉಬ್ಬಿಸಬೇಡಿ. ಬಾಯಿಯ ಜಾಗವನ್ನು ಬೆರಳಿನಿಂದ ಒಳಕ್ಕೆ ತಗ್ಗಿಸಿ, ಸೂಜಿಯಿಂದ ಗೆರೆ ಕೊರೆದು, ತೆಳು ಎಳೆಯೊಂದನ್ನು ಕೆಳತುಟಿಗಷ್ಟೇ ಕೂರಿಸಿ.

ರೆಪ್ಪೆಗಳಿಗೆ 1 ಮಿ.ಮೀ. ದಪ್ಪದ ಅರ್ಧಚಂದ್ರಗಳು. ಅಜ್ಜಿ ತನ್ನ ಕೈಯಲ್ಲಿರುವ ಹೂವನ್ನು ನೋಡುತ್ತಿರುವುದರಿಂದ ಮೇಲ್ರೆಪ್ಪೆ ಪಾಪೆಯ ಅರ್ಧದವರೆಗೆ ಇಳಿದಿರಬೇಕು. ರೆಪ್ಪೆಯನ್ನು ಮೇಲೇರಿಸಿದರೆ ಎಷ್ಟೇ ಕತ್ತು ಬಾಗಿಸಿದರೂ ಬೊಂಬೆ ಗಾಬರಿಯಾದ ಹಾಗೆ ಕಾಣುತ್ತದೆ. ಮೂಗು, ಕೆನ್ನೆಯ ಮೂಳೆ, ಹುಬ್ಬಿನ ದಿಣ್ಣೆ ಎಲ್ಲ ಸಣ್ಣ ಸಣ್ಣ ಉಂಡೆಗಳಾಗಿ ಸೇರಿಸುತ್ತ ಹೋಗಿ. ಪ್ರತಿ ಉಂಡೆಯ ಅಂಚನ್ನೂ ಪೂರ್ತಿ ಬೆಸೆದ ಮೇಲೆಯೇ ಮುಂದಿನದು.

ಸುಕ್ಕನ್ನು ನೇರ ಸೂಜಿಯಿಂದ ಗೀಚಿದರೆ ಚಾಕುವಿನ ಗಾಯದ ಹಾಗಿರುತ್ತದೆ. ಮುಖದ ಮೇಲೆ ಕ್ಲಿಂಗ್ ಫಿಲ್ಮ್ (ತಿಂಡಿ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ) ಹರಡಿ, ಅದರ ಮೇಲಿಂದ ಗೆರೆ ಎಳೆಯಿರಿ, ಅಂಚು ತಾನಾಗಿ ದುಂಡಗಾಗುತ್ತದೆ. ಹಣೆಯಲ್ಲಿ ಅಡ್ಡಕ್ಕೆ, ಕಣ್ಣಿನ ಹೊರಮೂಲೆಯಿಂದ ಬೀಸಣಿಗೆಯಂತೆ, ತುಟಿಯ ಸುತ್ತ ನೆಟ್ಟಗೆ. ಮೂರು ಆಳವಾದವು, ಉಳಿದವು ನವಿರಾದವು. ಎಲ್ಲವೂ ಒಂದೇ ಆಳಕ್ಕೆ ಬಂದರೆ ಬೊಂಬೆಗೆ ಮುಖವಾಡ ತೊಡಿಸಿದಂತಾಗುತ್ತದೆ. ಆಮೇಲೆ ಆಲ್ಕೋಹಾಲ್ ತಾಗಿಸಿದ ಕುಂಚದಿಂದ ಹಗುರವಾಗಿ ಸವರಿ. ಎರಡು ಬದಿ ಸಮ ಇದೆಯೇ ಎಂದು ಕಣ್ಣಿನಲ್ಲಿ ನೋಡಿದರೆ ತಿಳಿಯದು, ಕನ್ನಡಿಯಲ್ಲಿ ನೋಡಿ.

ಇಷ್ಟಾದಾಗ ಒಮ್ಮೆ 30 ನಿಮಿಷ ಬೇಯಿಸಿ. ಕಿವಿ ಮತ್ತು ಹೆಗಲತಟ್ಟೆ ಆಮೇಲೆ. ಹಸಿಯಿದ್ದಾಗಲೇ ಎಲ್ಲವನ್ನೂ ಮಾಡಲು ಹೋದರೆ ಕಿವಿ ತಿದ್ದುವಾಗ ಕೆನ್ನೆ ಜಜ್ಜುತ್ತದೆ. ಕಿವಿಯ ಉದ್ದ 1.8 ಸೆಂ.ಮೀ., ಓಲೆಯ ಭಾರಕ್ಕೆ ಇಳಿದ ಹಾಲೆ, ಅದರಲ್ಲಿ ಉದ್ದ ಸೀಳು. ಮೂಗುಬೊಟ್ಟಿನ ತೂತನ್ನೂ ಈಗಲೇ ಮಾಡಿ. ಹೆಗಲತಟ್ಟೆ ಎಂದರೆ ಕತ್ತಿನಿಂದ ಕೊರಳೆಲುಬಿನ ಕೆಳಗಿನವರೆಗಿನ ಕ್ಲೇ ಕವಚ, ಅಂಚಿನಲ್ಲಿ ಮುಂದೆ ಎರಡು ಹಿಂದೆ ಎರಡು, 2 ಮಿ.ಮೀ. ತೂತು. ಅವುಗಳಲ್ಲಿ ದಾರ ಪೋಣಿಸಿ ಬಟ್ಟೆಯ ಮೈಗೆ ಹೊಲಿಯುತ್ತೀರಿ. ಕತ್ತನ್ನು ಬಾಗಿಸುವ ಕೆಲಸ ತಟ್ಟೆ ಬೇಯುವ ಮುಂಚೆ ಆಗಬೇಕು, ಬೆಂದ ಮೇಲೆ ಏನೂ ಬಗ್ಗದು.

ಕೈ

ಒಂದು ಕೈಗೆ 12 ಗ್ರಾಂ. ಕೆಲಸಕ್ಕೆ ಮೊದಲು ಹೂ ಕಟ್ಟುವವರ ಕೈಯನ್ನು ಹತ್ತಿರದಿಂದ ನೋಡಿ, ಸಾಧ್ಯವಾದರೆ ಫೋಟೋ ತೆಗೆಯಿರಿ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ತುದಿ ಮೊಗ್ಗುಗಳ ತೊಟ್ಟನ್ನು ಒತ್ತಿ ಹಿಡಿದಿರುತ್ತವೆ. ಕಟ್ಟಿದ ಮಾಲೆ ಉಳಿದ ಬೆರಳುಗಳ ಮೇಲಿಂದ ಕೆಳಗೆ ಜಾರುತ್ತದೆ. ಬಲಗೈಯ ತೋರುಬೆರಳು, ನಡುಬೆರಳುಗಳ ಮೇಲೆ ನಾರಿನ ಕುಣಿಕೆ ಎದ್ದಿರುತ್ತದೆ, ಕಿರುಬೆರಳು ಸುಮ್ಮನೆ ಹೊರಚಾಚಿರುತ್ತದೆ. ಈ ಕಿರುಬೆರಳನ್ನು ಬಿಟ್ಟವರ ಬೊಂಬೆ ಹೂ ಕಟ್ಟುವಂತೆ ಕಾಣುವುದಿಲ್ಲ, ಏನನ್ನೋ ಹಿಡಿದು ಕೂತಂತೆ ಕಾಣುತ್ತದೆ.

26 ಗೇಜ್ ತಂತಿಯ ಐದು ತುಂಡು, ತಲಾ 8 ಸೆಂ.ಮೀ. ಮಣಿಕಟ್ಟಿನ ಜಾಗದಲ್ಲಿ ಒಟ್ಟು ಸೇರಿಸಿ ಹುರಿ ಮಾಡಿ. ಪ್ರತಿ ಬೆರಳನ್ನೂ ಬೇರೆಯಾಗಿ ಹೊಸೆದು ತಂತಿಗೆ ತೊಡಿಸಿ: ದಪ್ಪ 4 ಮಿ.ಮೀ., ನಡುಬೆರಳು 2.1 ಸೆಂ.ಮೀ., ತೋರುಬೆರಳು ಉಂಗುರಬೆರಳು ಅದಕ್ಕಿಂತ ಎರಡು ಮೂರು ಮಿ.ಮೀ. ಕಡಿಮೆ. ತಂತಿ ಬೆರಳಿನ ನಟ್ಟನಡುವೆ ಇರಬೇಕು, ಒಂದು ಬದಿಗೆ ಸರಿದರೆ ಬೇಯುವಾಗ ಅಲ್ಲೇ ಕ್ಲೇ ಬಿಚ್ಚಿಕೊಳ್ಳುತ್ತದೆ. ನಾಲ್ಕನ್ನೂ ಅಂಗೈಗೆ ಕೂಡಿಸುವಾಗ ಗೆಣ್ಣುಗಳು ಕಮಾನಿನಂತೆ ಬಾಗಿರಲಿ. ನೇರ ಗೆರೆಯಲ್ಲಿ ಕೂಡಿಸಿದರೆ ಅದು ಬಾಚಣಿಗೆ. ಹೆಬ್ಬೆರಳು ಅಂಗೈಯ ಪಕ್ಕದಿಂದಲ್ಲ, ಅಂಗೈಯ ಮುಂಭಾಗದ ದಿಂಬಿನಿಂದ ಹೊರಡುತ್ತದೆ. ಉಗುರಿಗೆ ತೆಳು ಸ್ಟ್ರಾ ಒಂದನ್ನು ಅರ್ಧ ಸೀಳಿ ಒತ್ತಿ, 2.5 ಮಿ.ಮೀ. ಅಗಲ ಸಾಕು. ಮುದಿ ಕೈಯ ಮೇಲ್ಭಾಗಕ್ಕೆ ಎಳೆಯಷ್ಟು ತೆಳು ಕ್ಲೇ ನೂಲನ್ನಿಟ್ಟು ಬೆಸೆದರೆ ನರಗಳು ಎದ್ದು ಕಾಣುತ್ತವೆ.

ಬೇಯಿಸುವ ಮುಂಚೆ ಎರಡೂ ಕೈಗಳನ್ನು ಚಿತ್ರದ ಹಾಳೆಯ ಮೇಲೆ ಜೊತೆಗಿಟ್ಟು, ಎರಡರ ನಡುವೆ ಒಂದು ದಾರ ಹಿಡಿದು ಭಂಗಿ ಕೂಡುತ್ತದೆಯೇ ನೋಡಿ. ಮುಂದೋಳಿನ ಅರ್ಧದವರೆಗೆ ಕ್ಲೇ ಬರಲಿ, ಮೇಲಂಚಿನಿಂದ 1 ಸೆಂ.ಮೀ. ಕೆಳಗೆ ಸುತ್ತಲೂ ಒಂದು ಕಾಲುವೆ ಕೊರೆಯಿರಿ. ಬಟ್ಟೆಯ ತೋಳನ್ನು ಅಲ್ಲಿ ದಾರ ಸುತ್ತಿ ಬಿಗಿಯುವುದು. ಪಾದಕ್ಕೂ ಇದೇ ಕ್ರಮ, ಬಲಪಾದದ ಮುಂಭಾಗ ಮಾತ್ರ ಕಾಣುವುದರಿಂದ ಬೆರಳುಗಳಿಗೆ ಗಮನ ಕೊಟ್ಟರೆ ಸಾಕು.

ಬೇಯಿಸುವುದು

ಪೊಟ್ಟಣದ ಮೇಲಿರುವುದೇ ಪ್ರಮಾಣ. ಸೂಪರ್ ಸ್ಕಲ್ಪಿ ಬ್ರ್ಯಾಂಡಿನ ಕ್ಲೇಗೆ 130 ಡಿಗ್ರಿ ಸೆಲ್ಸಿಯಸ್, ಪ್ರತಿ 6 ಮಿ.ಮೀ. ದಪ್ಪಕ್ಕೆ 15 ನಿಮಿಷ. ಫಿಮೋ ಬ್ರ್ಯಾಂಡಿನದಕ್ಕೆ 110 ಡಿಗ್ರಿ, 30 ನಿಮಿಷ. ಸರಿಯಾದ ಕಾವಿನಲ್ಲಿ ಹೊತ್ತು ಹೆಚ್ಚಾದರೆ ನಷ್ಟವಿಲ್ಲ, ಒಂದೇ ತುಂಡನ್ನು ಮೂರು ನಾಲ್ಕು ಸಲ ಬೇಯಿಸಿದರೂ ನಡೆಯುತ್ತದೆ. ಕಾವು ಹೆಚ್ಚಾದರೆ ಮಾತ್ರ ಉಳಿಗಾಲವಿಲ್ಲ. ಪಾಲಿಮರ್ ಕ್ಲೇ ಎಂದರೆ ಪಿವಿಸಿ; ಸೀದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ, ಕಣ್ಣು ಗಂಟಲು ಉರಿಯುತ್ತದೆ. ಘಾಟು ಬಂದ ಕೂಡಲೇ ಓವನ್ ಆರಿಸಿ, ಕಿಟಕಿಗಳನ್ನು ತೆರೆದು, ಹೊರಗೆ ಹೋಗಿ. ಮೈಕ್ರೋವೇವ್ ಇದಕ್ಕೆ ಆಗದು.

ಸಣ್ಣ ಓಟಿಜಿಯಲ್ಲಿ ಮೊದಲ ಹತ್ತು ನಿಮಿಷ ಕಾಯಿಲ್ ಕೆಂಪಾಗಿ ಕಾವು ಗುರಿ ದಾಟಿ ಹಾರುತ್ತದೆ. ಆದ್ದರಿಂದ ಟೈಲ್ಸ್ ತುಂಡನ್ನು ಒಳಗಿಟ್ಟು 15–20 ನಿಮಿಷ ಕಾಯಿಸಿ, ಥರ್ಮಾಮೀಟರ್ ಒಂದೇ ಕಡೆ ನಿಂತ ಮೇಲೆ ಬೊಂಬೆಯ ತುಂಡನ್ನಿಡಿ. ಮೇಲೆ ಫಾಯಿಲಿನ ಗುಡಾರ, ಅದು ಕ್ಲೇಗೆ ತಾಗಬಾರದು. ತಲೆಯನ್ನು ಮಲಗಿಸಿದರೆ ಹಿಂಭಾಗ ಚಪ್ಪಟೆಯಾಗುತ್ತದೆ. ಫಾಯಿಲ್ ಉಂಡೆಯೊಂದಕ್ಕೆ ಕತ್ತಿನ ತಂತಿ ಚುಚ್ಚಿ ನಿಲ್ಲಿಸಿ. ಮುಗಿದ ಮೇಲೆ ಬಾಗಿಲು ಮುಚ್ಚಿಕೊಂಡೇ ಒಳಗೆ ಆರಲಿ. ಬಿಸಿಯಿದ್ದಾಗಲೇ ಹೊರತೆಗೆದು ಫ್ಯಾನಿನ ಕೆಳಗಿಟ್ಟರೆ ಕತ್ತಿನಲ್ಲಿ ಕೂದಲೆಳೆಯ ಬಿರುಕು ಬರುತ್ತದೆ.

ಬೆಂದಿದೆಯೇ ಎಂದು ತಿಳಿಯಲು ಪ್ರತಿ ಸಲ ಜೊತೆಗೆ 2 ಮಿ.ಮೀ. ದಪ್ಪದ ಪಟ್ಟಿಯೊಂದನ್ನು ಇಟ್ಟಿರಿ. ಪೂರ್ತಿ ಆರಿದ ಮೇಲೆ ಅದು ಸ್ವಲ್ಪವಾದರೂ ಬಾಗಬೇಕು. ಹಪ್ಪಳದಂತೆ ಟಪ್ಪೆಂದು ಮುರಿದರೆ ಕಾವು ಸಾಲದು, ಥರ್ಮಾಮೀಟರ್ ನೋಡಿಕೊಂಡು ಮತ್ತೆ ಬೇಯಿಸಿ.

ಓವನ್ ಇಲ್ಲದವರು ಗಾಳಿಗೆ ಒಣಗುವ ಕ್ಲೇಯಲ್ಲಿ ಇದನ್ನೇ ಮಾಡಬಹುದು, ಆದರೆ ಅದು ಒಣಗುವಾಗ ಕುಗ್ಗುತ್ತದೆ. 3 ಮಿ.ಮೀ.ನ ಪದರ ಪದರವಾಗಿ, ಒಂದೊಂದಕ್ಕೂ ಒಂದು ದಿನ ಬಿಟ್ಟು ಹಾಕಿ. ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಮೇಲು.

ಬಣ್ಣ

ಬೆಂದ ತುಂಡನ್ನು ಆಲ್ಕೋಹಾಲಿನಿಂದ ಒರೆಸಿ, ಬೆರಳಿನ ಜಿಡ್ಡು ಇದ್ದರೆ ಬಣ್ಣ ಹಿಡಿಯದು. ಗಾಢ ಕಂದು ಅಕ್ರಿಲಿಕ್ ಒಂದು ಭಾಗಕ್ಕೆ ಎಂಟು ಭಾಗ ನೀರು. ಮುಖಕ್ಕೆ ಬಳಿದು ಕೂಡಲೇ ಬಟ್ಟೆಯಿಂದ ಒರೆಸಿದರೆ ಸುಕ್ಕುಗಳಲ್ಲಿ ಮಾತ್ರ ಉಳಿಯುತ್ತದೆ. ಕೆನ್ನೆ, ಗೆಣ್ಣು, ಕಿವಿಯ ಹಾಲೆಗೆ ಇಟ್ಟಿಗೆ ಕೆಂಪಿನ ತೆಳು ನೀರು. ಮೇಲೆ ನೀರು ಬೆರೆಯುವ ಮ್ಯಾಟ್ ವಾರ್ನಿಷ್, ಕಣ್ಣಿಗೆ ಮತ್ತು ಕೆಳತುಟಿಗೆ ಮಾತ್ರ ಹೊಳಪಿನದು. ನೇಲ್ ಪಾಲಿಷ್, ಸ್ಪ್ರೇ ವಾರ್ನಿಷ್ ಬೇಡವೇ ಬೇಡ: ಅವುಗಳ ದ್ರಾವಕ ಕ್ಲೇಯೊಡನೆ ಸೇರಿ ತಿಂಗಳುಗಟ್ಟಲೆ ಅಂಟಂಟಾಗಿಯೇ ಇದ್ದು ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ.

ಜೋಡಣೆ, ಸೀರೆ, ಕೂದಲು

ಕೈಗಳನ್ನು ತಂತಿಗೆ ಕಟ್ಟುವ ಮುಂಚೆ ಬಳೆ ತೊಡಿಸಿ. ಬೆರಳು ಬಾಗಿದ ಕೈಗೆ ಬಳೆ ಆಮೇಲೆ ಹತ್ತುವುದಿಲ್ಲ, ಮುಂದೋಳಿನ ತುದಿಯಿಂದಲೇ ಬರಬೇಕು, ಒಳವ್ಯಾಸ 1.5 ಸೆಂ.ಮೀ. ಇದನ್ನು ಮರೆತು ಕೊನೆಗೆ ಬಳೆ ಕತ್ತರಿಸಿ ಅಂಟಿಸಿದ ಬೊಂಬೆಗಳು ಬೇಕಾದಷ್ಟಿವೆ.

ಕೈಯ ತಂತಿಯನ್ನು ತೋಳಿನ ತಂತಿಗೆ 3 ಸೆಂ.ಮೀ. ಅತಿಕ್ರಮಿಸುವಂತೆ ಇಟ್ಟು, ಸುತ್ತಿ, ಎಂ-ಸೀಲ್ ಹಾಕಿ. ಹಂದರಕ್ಕೆ ಪಾಲಿಯೆಸ್ಟರ್ ಹತ್ತಿ ಸುತ್ತಿ ಕ್ರೋಶಾ ದಾರದಲ್ಲಿ ಬಿಗಿಯುತ್ತ ಮೈ ತುಂಬಿಸಿ. ಹೊಟ್ಟೆ ಸ್ವಲ್ಪ ಮುಂದೆ, ಹೆಗಲು ಒಳಕ್ಕೆ, ಬೆನ್ನಿನ ಮೇಲ್ಭಾಗ ದುಂಡಗೆ. ಕೂರುವ ಜಾಗದಲ್ಲಿ 100 ಗ್ರಾಂ ಒಣ ಮರಳಿನ ಪುಟ್ಟ ಚೀಲ ಸೇರಿಸಿದರೆ ಬೊಂಬೆ ಮುಗ್ಗರಿಸದು. ಮೇಲೆ ಬನಿಯನ್ ಬಟ್ಟೆಯ ಚರ್ಮ. ಅದು ಹಿಗ್ಗುವುದರಿಂದ ಮೊಣಕೈ, ಮೊಣಕಾಲಿನಲ್ಲಿ ಸುಕ್ಕು ನಿಲ್ಲುವುದಿಲ್ಲ.

ಸೀರೆಗೆ ತೊಳೆದು ತೊಳೆದು ಸವೆದ ಹತ್ತಿ ಬಟ್ಟೆ. ಹೊಸ ಬಟ್ಟೆ ಈ ಅಳತೆಯಲ್ಲಿ ರಟ್ಟಿನಂತೆ ನಿಲ್ಲುತ್ತದೆ. ಅಗಲ 29 ಸೆಂ.ಮೀ.; ಲೆಕ್ಕದಂತೆ ಉದ್ದ 1.4 ಮೀಟರ್ ಬರುತ್ತದೆ, ಆದರೆ ಒಳಸುತ್ತು ಕಾಣದ ಕಾರಣ 95 ಸೆಂ.ಮೀ. ಸಾಕು, ಸೊಂಟ ದಪ್ಪವಾಗುವುದಿಲ್ಲ. ಇಳಕಲ್ ಸೀರೆಯ ನಿಜವಾದ ಅಂಚು ಬೊಂಬೆಗೆ ತೊಡೆಯವರೆಗೆ ಬರುತ್ತದೆ, 2 ಸೆಂ.ಮೀ. ಅಗಲದ ಬೇರೆ ಅಂಚು ಹೊಲಿಯಿರಿ. ನೆರಿಗೆಗಳನ್ನು ಪಿನ್ನಿನಲ್ಲಿ ನಿಲ್ಲಿಸಿ, ಒಂದು ಭಾಗ ಫೆವಿಕಾಲಿಗೆ ನಾಲ್ಕು ಭಾಗ ನೀರು ಬೆರೆಸಿ ಕುಂಚದಿಂದ ತಾಗಿಸಿ ಒಣಗಿಸಿ. ಅನ್ನದ ಗಂಜಿ ಹಾಕುವವರಿದ್ದಾರೆ, ನೋಟವೂ ಚೆನ್ನ, ಆದರೆ ಮುಂದಿನ ನವರಾತ್ರಿಗೆ ಪೆಟ್ಟಿಗೆ ತೆರೆದಾಗ ಜಿರಳೆ ಊಟ ಮುಗಿಸಿರುತ್ತದೆ.

ಕೂದಲಿಗೆ ಕಸೂತಿಯ ರೇಷ್ಮೆ ದಾರದ ಹುರಿ ಬಿಚ್ಚಿ ಬಾಚಿ: ಬಿಳಿ ಮೂರು ಪಾಲು, ಬೂದು ಒಂದು ಪಾಲು. ಕತ್ತಿನ ಹಿಂಭಾಗದಿಂದ ಶುರುಮಾಡಿ ಮೇಲಕ್ಕೆ ಸಾಲು ಸಾಲಾಗಿ ಅಂಟಿಸುತ್ತ ಬನ್ನಿ, ಹಣೆಯ ಸಾಲು ಕೊನೆಗೆ, ಅದು ಅತಿ ತೆಳ್ಳಗೆ. ನೆತ್ತಿ ಅಲ್ಲಲ್ಲಿ ಕಾಣಲಿ. ಹಿಂದೆ ನಿಂಬೆ ಬೀಜದಷ್ಟಲ್ಲ, ಅಡಿಕೆಯಷ್ಟು ತುರುಬು.

ಒಡವೆಗೆ ಕೊಪ್ಪಳ ಜಿಲ್ಲೆಯ ಕಿನ್ನಾಳದ ಕುಶಲಕರ್ಮಿಗಳ ದಾರಿ ನೆನೆಯಬಹುದು. ಅವರು ಹುಣಸೆಬೀಜದ ಅಂಟು ಕೂಡಿಸಿದ ಕಿಟ್ಟ ಎಂಬ ಮುದ್ದೆಯಿಂದ ಮರದ ಬೊಂಬೆ ತಿದ್ದಿ, ಕಲ್ಲುಪುಡಿ-ಅಂಟಿನ ಸರಿಯಿಂದ ಒಡವೆಗಳನ್ನು ಉಬ್ಬಿಸುತ್ತಾರೆ. ಇಲ್ಲಿ ಚಾಕ್ ಪುಡಿಯನ್ನು ಫೆವಿಕಾಲಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಟೂತ್‌ಪಿಕ್ ತುದಿಯಿಂದ ಚುಕ್ಕೆ ಇಟ್ಟು, ಒಣಗಿದ ಮೇಲೆ ಚಿನ್ನದ ಬಣ್ಣ ಹಚ್ಚಿದರೆ ಓಲೆ, ಮೂಗುಬೊಟ್ಟು ಆಯಿತು.

ಮಲ್ಲಿಗೆ

ಬಿಳಿ ಕ್ಲೇಯ ಮೊಗ್ಗು 5 ಮಿ.ಮೀ. ಉದ್ದ, ಅಕ್ಕಿಕಾಳಿನಷ್ಟು. ಫೆವಿಕಾಲಿನಲ್ಲಿ ಅದ್ದಿ ಗಟ್ಟಿಯಾಗಿಸಿದ ಬಿಳಿ ಹತ್ತಿ ದಾರವನ್ನು 1 ಸೆಂ.ಮೀ. ತುಂಡು ಮಾಡಿ, ಒಂದು ತುದಿಗೆ ಮೊಗ್ಗು ಕೂರಿಸಿ, ಬುಡದಲ್ಲಿ ಸೂಜಿಮೊನೆಯಷ್ಟು ಹಸಿರು. 10 ಸೆಂ.ಮೀ. ಮಾಲೆಗೆ ನೂರು ಬೇಕು, ಬುಟ್ಟಿಗೆ ಇನ್ನೂ ನೂರು. ಬಿಳಿ ಬೇಗ ಕಂದುತ್ತದೆ, ಫಾಯಿಲ್ ಮುಚ್ಚಿಯೇ 15 ನಿಮಿಷ ಬೇಯಿಸಿ.

ಬಾಳೆನಾರನ್ನು ನೀರಿನಲ್ಲಿ ನೆನೆಸಿ, ಪಿನ್ನಿನಿಂದ ಸೀಳಿ ಒಂದೇ ಎಳೆ ತೆಗೆಯಿರಿ. ಎರಡು ಮೊಗ್ಗು ಈ ಕಡೆಗೆ, ಎರಡು ಆ ಕಡೆಗೆ, ದಾರದ ತೊಟ್ಟುಗಳ ಮೇಲೆ ಕುಣಿಕೆ, ಎಳೆತ. ನಿಜವಾದ ಹೂವಿನಂತೆಯೇ ಕಟ್ಟಿ. ಅಂಟಿಸಿದ ಮಾಲೆ ಕೋಲಿನಂತೆ ನಿಲ್ಲುತ್ತದೆ, ಕಟ್ಟಿದ್ದು ತನ್ನ ಭಾರಕ್ಕೆ ಇಳಿಬೀಳುತ್ತದೆ. ಹತ್ತು ಸೆಂ.ಮೀ. ಆದಾಗ ಕತ್ತರಿಸಬೇಡಿ. ಕೊನೆಯ ಗಂಟನ್ನು ಅಜ್ಜಿಯ ಎಡಗೈ ಹೆಬ್ಬೆರಳಿನ ಕೆಳಗೆ ಸಿಕ್ಕಿಸಿ, ಮಾಲೆಯನ್ನು ಮಡಿಲಿಗೆ ಇಳಿಬಿಟ್ಟು, ಮಿಕ್ಕ ನಾರಿನಲ್ಲಿ ಒಂದು ಕುಣಿಕೆ ಮಾಡಿ ಬಲಗೈಯ ಎರಡು ಬೆರಳಿಗೆ ತೊಡಿಸಿ. ನಾರು ಒಣಗಿದಂತೆ ಬಿಗಿಯುತ್ತದೆ, ಆದ್ದರಿಂದ ಕುಣಿಕೆ ತುಸು ಸಡಿಲವೇ ಇರಲಿ.